ಹವಾಗುಣದ ಗೆರೆ ಎಳೆದ ಹಂಬೋಲ್ಟ್ ಮತ್ತು ಕಿತ್ತುಹಾಕಿದ ಒಂದು ಅಧ್ಯಾಯ

1856ನೇ ಇಸವಿ. ಬರ್ಲಿನ್‌ನಲ್ಲಿದ್ದ 86 ವರ್ಷದ ಮುದುಕನೊಬ್ಬನಿಗೆ ಅಮೆರಿಕದಲ್ಲಿ ಅಚ್ಚಾದ ಒಂದು ಪುಸ್ತಕ ತಲುಪಿತು. ಪುಸ್ತಕ ಅವನದೇ. ಕ್ಯೂಬಾ ದ್ವೀಪದ ಬಗ್ಗೆ 30 ವರ್ಷಗಳ ಹಿಂದೆ ಅವನು ಫ್ರೆಂಚ್‌ನಲ್ಲಿ ಬರೆದಿದ್ದನ್ನು ನ್ಯೂಯಾರ್ಕ್‌ನಲ್ಲಿ ಇಂಗ್ಲಿಷಿಗೆ ತಂದಿದ್ದರು. ಅದರಲ್ಲಿ ದ್ವೀಪದ ಹವೆ ಇತ್ತು, ಮಣ್ಣು ಇತ್ತು, ಸಕ್ಕರೆಯ ಲೆಕ್ಕ ಇತ್ತು. ಗುಲಾಮಗಿರಿಯನ್ನು ಖಂಡಿಸಿದ್ದ ಅಧ್ಯಾಯ ಮಾತ್ರ ಇರಲಿಲ್ಲ. ಕ್ಯೂಬಾವನ್ನು ಅಮೆರಿಕಕ್ಕೆ ಸೇರಿಸಬೇಕು ಎಂದು ವಾದಿಸುತ್ತಿದ್ದ ಅನುವಾದಕ ಅದನ್ನು ಸದ್ದಿಲ್ಲದೆ ಕಿತ್ತುಹಾಕಿದ್ದ.

ಮುದುಕ ಸುಮ್ಮನೆ ಕೂರಲಿಲ್ಲ. ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ. ತನ್ನ ಅಳತೆ, ಅಂಕಿ ಅಂಶ ಎಲ್ಲಕ್ಕಿಂತ ಆ ಒಂದು ಅಧ್ಯಾಯವೇ ತನಗೆ ಮುಖ್ಯ ಎಂದು ಬರೆದ. ಅಮೆರಿಕದಲ್ಲಿ ಅದು ಚುನಾವಣೆಯ ವರ್ಷ, ಗುಲಾಮಗಿರಿಯೇ ಉರಿಯುವ ವಿಷಯ. ಅವನ ಪ್ರತಿಭಟನೆ ಅಲ್ಲಿನ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಆ ಮುದುಕನೇ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಎಲ್ಲಿ ಕಾಡು ಬೆಳೆಯುತ್ತೆ, ಎಲ್ಲಿ ಮರುಭೂಮಿ ಆಗುತ್ತೆ, ಜನ ಎಲ್ಲಿ ಊರು ಕಟ್ಟುತ್ತಾರೆ ಅನ್ನೋದನ್ನೆಲ್ಲ ಹವಾಗುಣದ ಜೊತೆ ಜೋಡಿಸಿ ನೋಡುವುದನ್ನು ಆಧುನಿಕ ಜಗತ್ತಿಗೆ ಕಲಿಸಿದವನು. ಶಾಲೆಯ ಅಟ್ಲಾಸ್‌ನಲ್ಲಿ ಉಷ್ಣತೆಯ ಬಾಗುಗೆರೆಗಳನ್ನು ನೋಡಿದವರೆಲ್ಲ, ಹೆಸರು ಗೊತ್ತಿಲ್ಲದೆಯೇ, ಅವನ ವಿದ್ಯಾರ್ಥಿಗಳು. ಆದರೆ ಅವನನ್ನು ಬಳಸಿಕೊಂಡವರು ಬಹುಪಾಲು ಆ ಅನುವಾದಕನ ಹಾಗೇ ಮಾಡಿದರು. ಗೆರೆಗಳನ್ನು ಇಟ್ಟುಕೊಂಡರು, ಅಧ್ಯಾಯವನ್ನು ಕಿತ್ತರು. ಅದೇ 1856ರಲ್ಲಿ ನಮ್ಮ ಕಡೆಯೂ ಇಂಥದ್ದೊಂದು ಶುರುವಾಯಿತು. ಅದನ್ನು ಕೊನೆಗೆ ಹೇಳ್ತೀನಿ.

ಗಣಿಗೆ ಇಳಿದ ಶ್ರೀಮಂತರ ಹುಡುಗ

1769ರ ಸೆಪ್ಟೆಂಬರ್ 14ರಂದು ಬರ್ಲಿನ್‌ನಲ್ಲಿ ಹುಟ್ಟಿದ ಹಂಬೋಲ್ಟ್‌ಗೆ ದುಡ್ಡಿನ ಕೊರತೆ ಇರಲಿಲ್ಲ. ಒಂಬತ್ತನೇ ವಯಸ್ಸಿಗೆ ಅಪ್ಪ ತೀರಿಹೋದ. ಅಮ್ಮ ಶಿಸ್ತಿನ ಹೆಂಗಸು. ಇಬ್ಬರು ಗಂಡುಮಕ್ಕಳೂ ಸರ್ಕಾರಿ ಹುದ್ದೆ ಹಿಡಿಯಬೇಕು ಅನ್ನೋದು ಅವಳ ಹಟ. ಅಣ್ಣ ವಿಲ್ಹೆಲ್ಮ್ ಭಾಷೆಗಳ ಕಡೆ ಹೋದ. ತಮ್ಮನಿಗೆ ಗಿಡ, ಕಲ್ಲು, ಹುಳುಗಳ ಹುಚ್ಚು, ದೂರ ದೇಶಗಳ ಕನಸು.

ಅಮ್ಮನ ಮಾತು ಮೀರಲಾಗದೆ ಅವನು ಹಿಡಿದ ನಡುದಾರಿ ಇಂಜಿನಿಯರಿಂಗ್. 1791ರಲ್ಲಿ ಫ್ರೈಬರ್ಗ್‌ನ ಗಣಿ ಅಕಾಡೆಮಿಗೆ ಸೇರಿದ, ಎಂಟೇ ತಿಂಗಳಲ್ಲಿ ಓದು ಮುಗಿಸಿದ, ಪ್ರಶ್ಯದ ಗಣಿ ಇಲಾಖೆಯಲ್ಲಿ ಅಧಿಕಾರಿಯಾದ. ಗಣಿಯೊಳಗೆ ಇಳಿದವನ ಕಣ್ಣಿಗೆ ಬಿದ್ದದ್ದು ಅದಿರಷ್ಟೇ ಅಲ್ಲ. ಕೆಲಸಗಾರರು ವಿಷಗಾಳಿಗೆ ಉಸಿರುಗಟ್ಟುತ್ತಿದ್ದರು. ಅವರಿಗಾಗಿ ಉಸಿರಾಟದ ಮುಖವಾಡ ಮಾಡಿದ, ಗಾಳಿ ಕೆಟ್ಟ ಕಡೆಯೂ ಉರಿಯುವ ದೀಪ ಮಾಡಿದ. ಬಾಡ್ ಸ್ಟೇಬೆನ್ ಎಂಬ ಊರಲ್ಲಿ ಗಣಿ ಕೆಲಸಗಾರರಿಗೆ ಸ್ವಂತ ದುಡ್ಡಿನಲ್ಲಿ ಶಾಲೆ ತೆರೆದ. ಮೇಲಧಿಕಾರಿಗಳಿಗೆ ಹೇಳಿದ್ದು ಶಾಲೆ ಶುರುವಾದ ಮೇಲೆ!

1796ರಲ್ಲಿ ಅಮ್ಮ ತೀರಿಕೊಂಡಳು. ದೊಡ್ಡ ಆಸ್ತಿ ಕೈಗೆ ಬಂತು. ಹಂಬೋಲ್ಟ್ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಇಂಜಿನಿಯರಿಂಗ್ ಬಿಟ್ಟು ಬೇರೆ ದಾರಿ ಹಿಡಿದ ನನ್ನಂಥವರಿಗೆ ಈ ಭಾಗ ಓದುವಾಗ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತೆ. ನಮಗೆ ಕಾದಿದ್ದು ಇಎಂಐ, ಅವನಿಗೆ ಕಾದಿದ್ದು ಒಂದು ಖಂಡ. 1799ರ ಜೂನ್‌ನಲ್ಲಿ ಸ್ಪೇನ್ ರಾಜನ ಅನುಮತಿ ಪತ್ರ, ಹತ್ತಾರು ಅಳತೆ ಉಪಕರಣ, ಜೊತೆಗೆ ಸಸ್ಯಶಾಸ್ತ್ರಜ್ಞ ಗೆಳೆಯ ಎಮೆ ಬೊನ್‌ಪ್ಲಾನ್‌ನನ್ನು ಕಟ್ಟಿಕೊಂಡು ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದ.

ಕಿಟಕಿಯಾಚೆ ಸಂತೆ, ಬತ್ತುತ್ತಿದ್ದ ಸರೋವರ

ಇಳಿದದ್ದು ಈಗಿನ ವೆನೆಜುವೆಲಾದ ಕುಮಾನಾ ಎಂಬ ಬಂದರಿನಲ್ಲಿ. ಬಾಡಿಗೆಗೆ ಹಿಡಿದ ಮನೆಯ ಕಿಟಕಿ ತೆರೆದರೆ ಊರಿನ ಚೌಕ. ಆ ಚೌಕದಲ್ಲಿ ಆಫ್ರಿಕಾದಿಂದ ತಂದ ಯುವಕರನ್ನು ಮಾರುತ್ತಿದ್ದರು. ಕೊಳ್ಳಲು ಬಂದವರು ಅವರ ಬಾಯಿ ತೆರೆಸಿ, ದನದ ಜಾತ್ರೆಯಲ್ಲಿ ಮಾಡುವ ಹಾಗೆ, ಹಲ್ಲು ನೋಡುತ್ತಿದ್ದರು. ಹಂಬೋಲ್ಟ್ ಇದನ್ನು ಜೀವನಪೂರ್ತಿ ಮರೆಯಲಿಲ್ಲ. ಹೊಸ ಖಂಡದ ಹೂವು, ಹಕ್ಕಿ, ಆಕಾಶದ ಜೊತೆಗೇ ಈ ಚಿತ್ರವೂ ಅವನ ಪುಸ್ತಕಗಳಿಗೆ ಬಂತು.

1800ರ ಆರಂಭದಲ್ಲಿ ಅವನು ಅರಾಗುವಾ ಕಣಿವೆಯ ವ್ಯಾಲೆನ್ಸಿಯಾ ಸರೋವರಕ್ಕೆ ಬಂದ. ಸುತ್ತಲೂ ನೀಲಿ, ಕಬ್ಬು, ಹತ್ತಿಯ ಹೊಲಗಳು. ಆದರೆ ಸರೋವರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿತ್ತು. ನೀರಿದ್ದ ಕಡೆ ನೆಲ ಕಾಣಿಸಿತ್ತು, ಹೊಸ ದ್ವೀಪಗಳು ಎದ್ದಿದ್ದವು. ನೀರು ಎಲ್ಲಿ ಹೋಗ್ತಿದೆ? ತಳದಲ್ಲೆಲ್ಲೋ ಗುಪ್ತ ತೂತು ಇರಬೇಕು ಅನ್ನೋದು ಊರವರ ಅನುಮಾನ.

ಹಂಬೋಲ್ಟ್ ತೂತು ಹುಡುಕಲಿಲ್ಲ, ಲೆಕ್ಕ ಹಾಕಿದ. ಸರೋವರಕ್ಕೆ ಬರುವ ಹೊಳೆಗಳನ್ನು ನೋಡಿದ, ಆವಿಯಾಗುವ ನೀರನ್ನು ಅಳೆದ. ಹೊಲ ಮಾಡಲು ಸುತ್ತಲಿನ ಗುಡ್ಡಗಳ ಕಾಡು ಕಡಿದಿದ್ದರು. ನೀಲಿ ಬೆಳೆಗೆಂದು ಹೊಳೆಗಳನ್ನು ತಿರುಗಿಸಿದ್ದರು. ಮರ ಇದ್ದಾಗ ನೆರಳಿತ್ತು, ಬೇರು ಮಣ್ಣನ್ನು ಹಿಡಿದಿತ್ತು, ಮಳೆನೀರು ನಿಧಾನವಾಗಿ ಇಂಗಿ ಒರತೆಯಾಗಿ ಬರುತ್ತಿತ್ತು. ಮರ ಹೋದ ಮೇಲೆ ಅದೇ ಮಳೆ ಮಣ್ಣನ್ನು ಕೊಚ್ಚಿಕೊಂಡು ಒಂದೇ ಸಲ ಹರಿದುಹೋಗತೊಡಗಿತು. ಬೇಸಿಗೆಯಲ್ಲಿ ಹೊಳೆಯಲ್ಲಿ ಮರಳು, ಮಳೆಗಾಲದಲ್ಲಿ ಪ್ರವಾಹ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯ. 22 ವರ್ಷದ ಬಳಿಕ ಬೂಸಿಂಗೋ ಎಂಬ ಫ್ರೆಂಚ್ ವಿಜ್ಞಾನಿ ಅಲ್ಲಿಗೆ ಹೋದಾಗ ಸರೋವರದ ನೀರು ಏರಿತ್ತು. ನಡುವೆ ಸ್ಪೇನ್ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆದಿತ್ತು, ತೋಟಗಳು ಪಾಳು ಬಿದ್ದಿದ್ದವು, ಕಾಡು ಮರಳಿ ಬಂದಿತ್ತು, ಹೊಳೆಗಳು ಮತ್ತೆ ಸರೋವರಕ್ಕೆ ಹರಿಯುತ್ತಿದ್ದವು. ಅಂದ್ರೆ ಆ ಸರೋವರದ ಮಟ್ಟ ಆಕಾಶದ ಮಳೆಯಷ್ಟೇ ಹೇಳುತ್ತಿರಲಿಲ್ಲ, ನೆಲ ಯಾರದು ಮತ್ತು ಬೆಳೆ ಯಾರಿಗಾಗಿ ಅನ್ನೋದನ್ನೂ ಹೇಳುತ್ತಿತ್ತು.

ಒಂದೇ ಬೆಟ್ಟದಲ್ಲಿ ಇಡೀ ಭೂಗೋಳ

ಒರಿನೊಕೊ ನದಿಯ ಕಾಡು, ಕ್ಯೂಬಾ, ಬೊಗೊಟಾ ಸುತ್ತಿ 1802ರ ಜೂನ್ 23ರಂದು ಹಂಬೋಲ್ಟ್ ಈಗಿನ ಈಕ್ವೆಡಾರ್‌ನ ಚಿಂಬೊರಾಸೊ ಪರ್ವತ ಹತ್ತಿದ. ಜಗತ್ತಿನ ಅತಿ ಎತ್ತರದ ಶಿಖರ ಅದೇ ಎಂದು ಯುರೋಪಿನವರು ನಂಬಿದ್ದ ಕಾಲ. ಜೊತೆಗೆ ಬೊನ್‌ಪ್ಲಾನ್, ಕ್ವಿಟೊದ ಯುವಕ ಕಾರ್ಲೋಸ್ ಮೊಂಟೂಫರ್, ಒಬ್ಬ ಸ್ಥಳೀಯ. ಒಸಡಿನಿಂದ ರಕ್ತ, ತಲೆಸುತ್ತು, ಕೊನೆಗೆ ದಾಟಲಾಗದ ಕಂದರ. ಸುಮಾರು 5,900 ಮೀಟರ್ ಎತ್ತರದಿಂದ ವಾಪಸಾದರು. ಅವನ ಕೆಲಸಕ್ಕೆ ತುದಿ ಮುಟ್ಟುವುದು ಬೇಕಿರಲಿಲ್ಲ. ಬುಡದಿಂದ ಅಲ್ಲಿಯವರೆಗೆ ಕಂಡದ್ದೇ ಸಾಕಿತ್ತು.

ಬುಡದಲ್ಲಿ ತಾಳೆ, ಬಾಳೆ. ಮೇಲೆ ಹೋದಂತೆ ಓಕ್‌ನಂಥ ತಂಪು ನಾಡಿನ ಮರಗಳು. ಆಮೇಲೆ ಕುರುಚಲು, ಹುಲ್ಲುಗಾವಲು, ಕಲ್ಲುಹೂ. ಸುಮಾರು 4,800 ಮೀಟರ್ ಮೇಲೆ ಶಾಶ್ವತ ಹಿಮ. ಸಮಭಾಜಕದಿಂದ ಧ್ರುವದವರೆಗೆ ಸಾವಿರಾರು ಕಿಲೋಮೀಟರ್ ನಡೆದರೆ ಕಾಣುವ ಸಸ್ಯಗಳ ಸಾಲು ಇಲ್ಲಿ ಒಂದೇ ಬೆಟ್ಟದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟಂತಿತ್ತು. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತೆ, ತಣ್ಣಗಾಗುತ್ತೆ. ಗಿಡಗಳ ಆಯ್ಕೆ ನಡೆಯುವುದು ಅದಕ್ಕೆ ತಕ್ಕಂತೆ. ಇದನ್ನೆಲ್ಲ ಅವನು ಒಂದೇ ಚಿತ್ರದಲ್ಲಿ ತುಂಬಿದ: ಬೆಟ್ಟದ ಅಡ್ಡಸೀಳು, ಆಯಾ ಎತ್ತರದಲ್ಲಿ ಗಿಡಗಳ ಹೆಸರು, ಎರಡೂ ಬದಿ ಉಷ್ಣತೆ, ತೇವ, ಗಾಳಿಯ ಒತ್ತಡದ ಅಂಕಣಗಳು. ಇವತ್ತಿನ ಇನ್ಫೋಗ್ರಾಫಿಕ್‌ನ ಮುತ್ತಾತ ಅಂತ ಬೇಕಾದರೆ ಕರೆಯಿರಿ.

ಜನರ ಬದುಕೂ ಅದೇ ಮೆಟ್ಟಿಲಲ್ಲಿತ್ತು. ಕೆಳಗೆ ಕೋಕೋ, ಬಾಳೆ. ನಡುವೆ ಮೆಕ್ಕೆಜೋಳ. ಮೇಲೆ ಆಲೂಗಡ್ಡೆ. ದೊಡ್ಡ ಊರುಗಳೆಲ್ಲ ಎತ್ತರದಲ್ಲಿ: ಕ್ವಿಟೊ 2,850 ಮೀಟರ್, ಬೊಗೊಟಾ 2,600, ಮೆಕ್ಸಿಕೊ ನಗರ 2,240. ಯುರೋಪಿನಲ್ಲಿ ಅಷ್ಟು ಎತ್ತರದಲ್ಲಿ ನಗರ ಕಟ್ಟುವ ಮಾತೇ ಇಲ್ಲ, ಆಲ್ಪ್ಸ್‌ನಲ್ಲಿ ಅಲ್ಲಿ ಹಿಮವೇ ಶುರುವಾಗಿರುತ್ತೆ. ಉಷ್ಣವಲಯದಲ್ಲಿ ಅದೇ ಎತ್ತರ ತಂಪಾದ, ಬೆಳೆ ಬರುವ ಜಾಗ.

ಇದು ಹಂಬೋಲ್ಟ್ ಕಂಡುಹಿಡಿದ ಹೊಸ ಸತ್ಯ ಅಂದುಕೊಂಡರೆ ತಪ್ಪು. ಆಂಡಿಸ್‌ನ ರೈತರಿಗೆ ಇದು ಗೊತ್ತಿದ್ದರಿಂದಲೇ ಊರುಗಳು ಅಲ್ಲಿದ್ದವು. ಪೋಪಾಯಾನ್‌ನ ವಿಜ್ಞಾನಿ ಫ್ರಾನ್ಸಿಸ್ಕೊ ಹೋಸೆ ದೆ ಕಾಲ್ಡಾಸ್ ಕೂಡ ಎತ್ತರಕ್ಕೆ ತಕ್ಕಂತೆ ಬದಲಾಗುವ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ. ತಂಡಕ್ಕೆ ಸೇರಿಸಿಕೋ ಎಂದು ಅವನು ಕೇಳಿದಾಗ ಹಂಬೋಲ್ಟ್ ಒಪ್ಪಲಿಲ್ಲ, ಮೊಂಟೂಫರ್‌ನನ್ನು ಕರೆದೊಯ್ದ. ಯಾರ ಪಾಲು ಎಷ್ಟು ಎಂಬ ವಾದ ಇವತ್ತಿಗೂ ನಡೀತಿದೆ. ಕಾಲ್ಡಾಸ್, ಮೊಂಟೂಫರ್ ಇಬ್ಬರೂ ಸ್ವಾತಂತ್ರ್ಯ ಹೋರಾಟಕ್ಕಿಳಿದರು. 1816ರಲ್ಲಿ ಸ್ಪೇನ್ ಇಬ್ಬರಿಗೂ ಮರಣದಂಡನೆ ಕೊಟ್ಟಿತು. ಹಂಬೋಲ್ಟ್ ಯುರೋಪಿನಲ್ಲಿ ಕೀರ್ತಿವಂತನಾಗಿ 89 ವರ್ಷ ಬದುಕಿದ.

ಅವನ ಇನ್ನೊಂದು ಮುಖವನ್ನೂ ಹೇಳಬೇಕು. ಒರಿನೊಕೊ ಬಳಿಯ ಗುಹೆಯೊಂದರಲ್ಲಿ ಆದಿವಾಸಿಗಳು ತಮ್ಮ ಸತ್ತವರನ್ನು ಇಟ್ಟಿದ್ದರು. ಜೊತೆಯಲ್ಲಿದ್ದವರಿಗೆ ಸರಿ ಕಾಣದಿದ್ದರೂ ಹಂಬೋಲ್ಟ್ ಅಲ್ಲಿಂದ ಅಸ್ಥಿಪಂಜರಗಳನ್ನು ಹೊತ್ತು ತಂದ. ಗುಲಾಮಗಿರಿ ಕಂಡು ಕುದಿದ ಮನುಷ್ಯನೇ ವಿಜ್ಞಾನದ ಹೆಸರಲ್ಲಿ ಇದನ್ನೂ ಮಾಡಿದ.

ಅಕ್ಷಾಂಶಕ್ಕೆ ಸೊಪ್ಪು ಹಾಕದ ಗೆರೆಗಳು

ಪೆರುವಿನ ಕರಾವಳಿಗೆ ಇಳಿದಾಗ ಅವನಿಗೆ ಎದುರಾದದ್ದು ಒಂದು ಒಗಟು. ಪಕ್ಕದಲ್ಲೇ ಸಮುದ್ರ, ಉಷ್ಣವಲಯದ ಸೂರ್ಯ, ಆದರೂ ಮರುಭೂಮಿ. ಸಮುದ್ರಕ್ಕೆ ಥರ್ಮಾಮೀಟರ್ ಇಳಿಸಿದಾಗ ನೀರು ಆ ಅಕ್ಷಾಂಶಕ್ಕೆ ಇರಬೇಕಾದ್ದಕ್ಕಿಂತ ತುಂಬ ತಣ್ಣಗಿತ್ತು. ದಕ್ಷಿಣದಿಂದ ಬರುವ ತಣ್ಣನೆಯ ಪ್ರವಾಹ ಮೇಲಿನ ಗಾಳಿಯನ್ನೂ ತಣ್ಣಗಿಡುತ್ತೆ. ಗಾಳಿ ಮೇಲೇರುವುದಿಲ್ಲ, ಮಂಜು ಕವಿಯುತ್ತೆ, ಮಳೆ ಮಾತ್ರ ಬೀಳುವುದಿಲ್ಲ. ಮುಂದೆ ಅದಕ್ಕೆ ಹಂಬೋಲ್ಟ್ ಪ್ರವಾಹ ಎಂದು ಹೆಸರಿಟ್ಟಾಗ ಅವನೇ ಆಕ್ಷೇಪಿಸಿದ. ಅಲ್ಲಿನ ಮೀನುಗಾರರ ಮಕ್ಕಳಿಗೂ ಮುನ್ನೂರು ವರ್ಷದಿಂದ ಗೊತ್ತಿರುವ ವಿಷಯಕ್ಕೆ ತನ್ನ ಹೆಸರು ಯಾಕೆ ಅನ್ನೋದು ಅವನ ವಾದ. ಯಾರೂ ಕೇಳಲಿಲ್ಲ.

1804ರಲ್ಲಿ ಯುರೋಪಿಗೆ ಮರಳಿದ ಮೇಲೆ ಪ್ಯಾರಿಸ್‌ನಲ್ಲಿ ಕೂತು ಬರೆದದ್ದೇ ಬರೆದದ್ದು. 1817ರಲ್ಲಿ ಪ್ರಕಟಿಸಿದ ಒಂದು ನಕ್ಷೆಯಲ್ಲಿ ಸರಾಸರಿ ಉಷ್ಣತೆ ಸಮನಾಗಿರುವ ಊರುಗಳನ್ನು ಗೆರೆಯಿಂದ ಜೋಡಿಸಿದ. ಐಸೋಥರ್ಮ್ ಎಂಬ ಹೆಸರು ಬಂದದ್ದು ಅಲ್ಲಿಂದ. ನಾನು ಆ ಪದ ಕಲಿತದ್ದು ಥರ್ಮೊಡೈನಮಿಕ್ಸ್ ಪೇಪರ್‌ನಲ್ಲಿ, ಪಾಸಾಗಲು. ಅದರ ಹಿಂದೆ ಒಂದು ಖಂಡವೇ ಇದೆ ಅಂತ ಯಾರೂ ಹೇಳಿರಲಿಲ್ಲ.

ಆ ಗೆರೆಗಳು ಅಕ್ಷಾಂಶಕ್ಕೆ ಸಮನಾಗಿ ನೇರ ಹೋಗಲಿಲ್ಲ, ಬಾಗಿದವು. ಕ್ವಿಬೆಕ್ ಪ್ಯಾರಿಸ್‌ಗಿಂತ ದಕ್ಷಿಣಕ್ಕಿದೆ, ಆದರೆ ಅಲ್ಲಿನ ಚಳಿಗಾಲದ ಮುಂದೆ ಪ್ಯಾರಿಸ್‌ನ ಚಳಿ ಏನೂ ಅಲ್ಲ. ಪಶ್ಚಿಮದ ಗಾಳಿ ಬೆಚ್ಚಗಿನ ಅಟ್ಲಾಂಟಿಕ್ ಮೇಲಿಂದ ಬಂದು ಯುರೋಪಿಗೆ ಬಿಸಿ ಕೊಡುತ್ತೆ. ಕ್ವಿಬೆಕ್‌ಗೆ ಗಾಳಿ ಬರೋದು ಹೆಪ್ಪುಗಟ್ಟಿದ ನೆಲದ ಮೇಲಿಂದ. ಅಂದ್ರೆ ಒಂದು ಊರಿನ ಹವಾಗುಣ ಅಂದರೆ ಬರೀ ಸೂರ್ಯ ಅಲ್ಲ. ಸಮುದ್ರ, ಪ್ರವಾಹ, ಗಾಳಿ, ಬೆಟ್ಟ, ಕಾಡು ಎಲ್ಲ ಸೇರಿ ಬರೆದ ಒಪ್ಪಂದ. ಮುಂದೆ ಕೋಪನ್ ಎಂಬ ವಿಜ್ಞಾನಿ ಸಸ್ಯಗಳ ಆಧಾರದಲ್ಲೇ ಜಗತ್ತನ್ನು ಹವಾಗುಣ ವಲಯಗಳಾಗಿ ವಿಂಗಡಿಸಿದ್ದು ಇದೇ ಹಾದಿಯಲ್ಲಿ.

ಇದರಲ್ಲಿ ರಾಜಕೀಯ ಎಲ್ಲಿ ಬಂತು ಅಂತೀರಾ? 1748ರಲ್ಲಿ ಮಾಂಟೆಸ್ಕ್ಯೂ ಎಂಬ ಫ್ರೆಂಚ್ ಚಿಂತಕ, ಬಿಸಿ ನಾಡಿನ ಜನ ಸ್ವಭಾವತಃ ಆಲಸಿಗಳು, ಹಾಗಾಗಿ ಅಲ್ಲಿ ಗುಲಾಮಗಿರಿಗೂ ಒಂದು ಕಾರಣ ಸಿಗುತ್ತೆ ಎಂಬಂತೆ ವಾದಿಸಿದ್ದ. ಹವಾಗುಣವೇ ಹಣೆಬರಹ ಅನ್ನುವ ಈ ಮಾತು ಸಾಮ್ರಾಜ್ಯಗಳಿಗೆ ತುಂಬ ಅನುಕೂಲ. ಹಂಬೋಲ್ಟ್ ಹವಾಗುಣದ ಶಕ್ತಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಆದರೂ 1845ರಲ್ಲಿ ಪ್ರಕಟವಾಗತೊಡಗಿದ ತನ್ನ ಮಹಾಗ್ರಂಥ ಕಾಸ್ಮೋಸ್‌ನಲ್ಲಿ ಮೇಲು ಜನಾಂಗ, ಕೀಳು ಜನಾಂಗ ಅನ್ನೋದನ್ನು ಸಾರಾಸಗಟಾಗಿ ತಳ್ಳಿಹಾಕಿದ. ಹವಾಗುಣ ಯಾವ ಬೆಳೆ ಎಂದು ಹೇಳಬಹುದು, ಯಾರು ಆಳು ಯಾರು ಒಡೆಯ ಎಂದು ಹೇಳಲಾರದು ಅನ್ನೋದು ಅವನ ಇಡೀ ಬರಹದ ಸಾರ.

ಕಂಪನಿಯ ಮುಚ್ಚಿದ ಬಾಗಿಲು

ಹಂಬೋಲ್ಟ್‌ನ ದೊಡ್ಡ ಆಸೆ ಹಿಮಾಲಯ. ಆಂಡಿಸ್ ಜೊತೆ ಹೋಲಿಸಿ ನೋಡಬೇಕಿತ್ತು. ಅದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಬೇಕು. 1814, 1817, 1818ರಲ್ಲಿ ಲಂಡನ್‌ಗೆ ಹೋಗಿ ಪ್ರಯತ್ನಿಸಿದ. ಪ್ರಶ್ಯದ ರಾಜ ಖರ್ಚಿಗೂ ಒಪ್ಪಿದ್ದ. ಅನುಮತಿ ಸಿಗಲೇ ಇಲ್ಲ. ಮೆಕ್ಸಿಕೊ ಬಗೆಗಿನ ಪುಸ್ತಕದಲ್ಲಿ ಸ್ಪೇನಿನ ವಸಾಹತು ಆಡಳಿತವನ್ನು ಅವನು ಬಿಚ್ಚಿಟ್ಟಿದ್ದ. ಇಂಥವನು ಭಾರತಕ್ಕೆ ಬಂದು ನಮ್ಮ ಬಗ್ಗೆ ಏನು ಬರೆದಾನೋ ಎಂಬ ಅಳುಕೇ ಕಾರಣವಿರಬೇಕು ಅನ್ನೋದು ಇತಿಹಾಸಕಾರರ ಊಹೆ. ಬರಲಾಗದವನು ಬ್ರಿಟಿಷ್ ಸರ್ವೇಯರ್‌ಗಳ ಅಂಕಿಗಳನ್ನಿಟ್ಟುಕೊಂಡು ದೂರದಿಂದಲೇ ಹಿಮಾಲಯದ ಬಗ್ಗೆ ಬರೆದ. ಟಿಬೆಟ್ ಕಡೆ ಹಿಮರೇಖೆ ಭಾರತದ ಕಡೆಗಿಂತ ಎತ್ತರದಲ್ಲಿದೆ, ಯಾಕಂದ್ರೆ ದಕ್ಷಿಣದ ಇಳಿಜಾರಿಗೆ ತೇವದ ಗಾಳಿ, ಉತ್ತರಕ್ಕೆ ಒಣ ಪ್ರಸ್ಥಭೂಮಿ.

ಕೊನೆಗೆ ಏಷ್ಯಾಕ್ಕೆ ಬಾಗಿಲು ತೆರೆದದ್ದು ರಷ್ಯಾದ ತ್ಸಾರ್, 1829ರಲ್ಲಿ. ಆದರೆ ಷರತ್ತಿತ್ತು. ಜೀತದಾಳುಗಳ ಬಗ್ಗೆ, ಆಡಳಿತದ ಬಗ್ಗೆ ಬಾಯಿ ಬಿಡುವಂತಿಲ್ಲ. 60ರ ಹಂಬೋಲ್ಟ್ ಒಪ್ಪಿದ. ಸುಮಾರು ಆರು ತಿಂಗಳಲ್ಲಿ 15,000 ಕಿಲೋಮೀಟರ್ ಸುತ್ತಿದ. ಕಂಡ ಜೀತದ ಬಗ್ಗೆ ಬಹಿರಂಗವಾಗಿ ಬರೆಯಲಿಲ್ಲ. ಆದರೆ ಆ ಪ್ರವಾಸದ ಬರಹದಲ್ಲೇ, ಮನುಷ್ಯ ಹವಾಗುಣವನ್ನು ಬದಲಿಸುವ ಮೂರು ದಾರಿಗಳನ್ನು ಹೆಸರಿಸಿದ: ಕಾಡು ಕಡಿಯುವುದು, ನೀರಿನ ಹರಿವನ್ನು ಬದಲಿಸುವುದು, ಕೈಗಾರಿಕಾ ಕೇಂದ್ರಗಳಿಂದ ರಾಶಿ ರಾಶಿ ಉಗಿ ಮತ್ತು ಅನಿಲ ಬಿಡುವುದು. ಇಂಗಾಲದ ಡೈಆಕ್ಸೈಡ್ ಹೇಗೆ ಶಾಖ ಹಿಡಿದಿಡುತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಟಿಂಡಾಲ್ ಅದನ್ನು ಪ್ರಯೋಗಾಲಯದಲ್ಲಿ ಅಳೆಯತೊಡಗಿದ್ದು 1859ರಲ್ಲಿ. ಅದೇ ವರ್ಷದ ಮೇ 6ರಂದು ಹಂಬೋಲ್ಟ್ ಬರ್ಲಿನ್‌ನಲ್ಲಿ ತೀರಿಕೊಂಡ.

ಕೊನೆಯ ದಶಕಗಳು ಇಬ್ಬಂದಿಯವು. ಆಸ್ತಿಯೆಲ್ಲ ಪುಸ್ತಕ, ಪ್ರಯಾಣಕ್ಕೆ ಕರಗಿತ್ತು, ರಾಜನ ಸಂಬಳದಲ್ಲಿ ಬದುಕು. ಹಗಲು ಅರಮನೆಯ ಊಟ, ರಾತ್ರಿ ಬರವಣಿಗೆ. ಆದರೂ 1827–28ರಲ್ಲಿ ಹೆಂಗಸರಿಗೂ ಕೆಲಸಗಾರರಿಗೂ ಬಾಗಿಲು ತೆರೆದು ಪುಕ್ಕಟೆ ಉಪನ್ಯಾಸ ಕೊಟ್ಟ. 1848ರ ಕ್ರಾಂತಿಯಲ್ಲಿ ಸತ್ತವರ ಶವಯಾತ್ರೆಯಲ್ಲಿ ನಡೆದ. 1857ರಲ್ಲಿ, ಪ್ರಶ್ಯದ ನೆಲಕ್ಕೆ ಕಾಲಿಟ್ಟ ಗುಲಾಮ ಸ್ವತಂತ್ರ ಎಂಬ ಕಾನೂನು ಬಂದದ್ದರ ಹಿಂದೆ ಅವನ ಒತ್ತಾಯವಿತ್ತು.

ಮಲೆನಾಡಿಗೆ ಬಂದ ಅರ್ಧ ಹಂಬೋಲ್ಟ್

ಈಗ 1856ಕ್ಕೆ ವಾಪಸ್. ಹಂಬೋಲ್ಟ್‌ಗೆ ಭಾರತಕ್ಕೆ ಬರಲು ಬಿಡದ ಕಂಪನಿಯ ವೈದ್ಯರೇ ಅವನನ್ನು ಓದುತ್ತಿದ್ದರು. ಕಾಡು ಹೋದರೆ ಹವೆ ಒಣಗುತ್ತೆ, ಬರ ಬರುತ್ತೆ ಎಂಬ ವಾದಕ್ಕೆ ಅವನನ್ನು ಆಧಾರ ಮಾಡಿಕೊಂಡಿದ್ದರು. ಪರಿಸರ ಇತಿಹಾಸಕಾರ ರಿಚರ್ಡ್ ಗ್ರೋವ್ ಈ ನಂಟನ್ನು ವಿವರವಾಗಿ ಬರೆದಿದ್ದಾರೆ. ಅಂಥವರಲ್ಲೊಬ್ಬ ಹ್ಯೂ ಕ್ಲೆಗಾರ್ನ್. 1840ರ ದಶಕದಲ್ಲಿ ಮೈಸೂರು ಸೀಮೆಯ ನಗರ ವಿಭಾಗದಲ್ಲಿ, ಅಂದ್ರೆ ನಮ್ಮ ಶಿವಮೊಗ್ಗದಲ್ಲಿ, ಕೆಲಸ ಮಾಡಿದ ಸ್ಕಾಟಿಷ್ ವೈದ್ಯ. 1856ರಲ್ಲಿ ಅವನು ಮದರಾಸಿನ ಅರಣ್ಯ ಇಲಾಖೆಯ ಮುಖ್ಯಸ್ಥನಾದ. ಆಗ ಕರಾವಳಿಯ ಕನ್ನಡ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು.

ಕಾಡು ಉಳಿಸಬೇಕು ಅನ್ನೋದು ಸರಿಯಾದ ಮಾತು. ಆದರೆ ಕಾಡು ಕಡಿಯುತ್ತಿರೋರು ಯಾರು? ರೈಲು ಹಳಿಯ ಸ್ಲೀಪರ್‌ಗೆ ಮರ ಹೋಗುತ್ತಿತ್ತು, ಹಡಗಿಗೆ ತೇಗ ಹೋಗುತ್ತಿತ್ತು, ಮೈಸೂರು ಮತ್ತು ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಏಳುತ್ತಿದ್ದವು. ಕ್ಲೆಗಾರ್ನ್‌ಗೂ ಇವು ಕಾಣುತ್ತಿದ್ದವು. ಆದರೆ ರೈಲಿನ ಬೇಡಿಕೆಗೆ ವ್ಯವಸ್ಥೆ ಮಾಡಿಕೊಟ್ಟರು, ಕುಮರಿಗೆ ನಿಷೇಧ ಹೇರಿದರು. ಕುಮರಿ ಅಂದ್ರೆ ಗುಡ್ಡದ ಒಂದು ತುಂಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ವರ್ಷದಲ್ಲಿ ಬಿಟ್ಟು ಮುಂದೆ ಹೋಗುವ ಬೇಸಾಯ. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಬೆಳೆಯುತ್ತಿತ್ತು. ಅದನ್ನೇ ನಂಬಿದ್ದ ಕುಣಬಿ, ಕುಡುಬಿಯಂಥ ಸಮುದಾಯಗಳು ತಮ್ಮದೇ ಕಾಡಿನಲ್ಲಿ ಅಪರಾಧಿಗಳಾದರು.

ವ್ಯಾಲೆನ್ಸಿಯಾದಲ್ಲಿ ಹಂಬೋಲ್ಟ್ ಬೊಟ್ಟು ಮಾಡಿದ್ದು ರಫ್ತಿನ ನೀಲಿ ಬೆಳೆಯ ಕಡೆಗೆ, ತೋಟದ ಒಡೆಯರ ಕಡೆಗೆ. ಮಲೆನಾಡಿಗೆ ಬರುವ ಹೊತ್ತಿಗೆ ಅದೇ ವಿಜ್ಞಾನದ ಬೆರಳು ರಾಗಿ ಬಿತ್ತುವವನ ಕಡೆ ತಿರುಗಿತ್ತು. ನ್ಯೂಯಾರ್ಕ್‌ನ ಅನುವಾದಕ ಕತ್ತರಿಯಿಂದ ಮಾಡಿದ್ದನ್ನು ಇಲ್ಲಿ ಸರ್ಕಾರ ಆದೇಶಗಳಿಂದ ಮಾಡಿತು.

2006ರಲ್ಲಿ, ಸರಿಯಾಗಿ 150 ವರ್ಷದ ಮೇಲೆ, ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿತು. ಆ ಕಾಯ್ದೆಯಡಿ ಹಾಕಿದ ಅರ್ಜಿ ಹಿಡಿದು ಕಚೇರಿ ಅಲೆಯುವವರು ಉತ್ತರ ಕನ್ನಡದಲ್ಲಿ, ಶಿವಮೊಗ್ಗದಲ್ಲಿ ಇವತ್ತಿಗೂ ಇದ್ದಾರೆ. ಹವಾಗುಣ ಬದಲಾವಣೆ ನಮ್ಮ ತಲೆಮಾರಿನ ದೊಡ್ಡ ಪ್ರಶ್ನೆ, ಅನುಮಾನವೇ ಇಲ್ಲ. ಕಾಡು ಬೇಕು, ನಕ್ಷೆ ಬೇಕು, ಅಂಕಿ ಬೇಕು. ಆದರೆ ಮುಂದಿನ ಸಲ ಪರಿಸರ ಉಳಿಸುವ ವರದಿಯೊಂದು ಕೈಗೆ ಬಂದಾಗ ಅದರ ಗ್ರಾಫ್‌ಗಳನ್ನು ನೋಡಿ ಮುಗಿಸಿದ ಮೇಲೆ ಒಮ್ಮೆ ಪರಿವಿಡಿಗೆ ವಾಪಸ್ ಹೋಗಿ. ಕೊಡಲಿ ಯಾರ ಕೈಲಿತ್ತು, ಲಾಭ ಯಾರಿಗೆ ಹೋಯಿತು ಅನ್ನೋ ಅಧ್ಯಾಯ ಇದೆಯಾ ಅಂತ ನೋಡಿ. 86ರ ಮುದುಕ ಬರ್ಲಿನ್‌ನಲ್ಲಿ ಮಾಡಿದ್ದೂ ಅಷ್ಟೇ.